ಸೊನ್ನೆ ನೋವಿನ ದಿನ

ನನ್ನ ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ಇದೆ. ಹಸಿರು ಬಣ್ಣದ ನಗುವ ಮುಖ, ಅದರ ಕೆಳಗೆ ಒಂದು ಸೊನ್ನೆ, ಸುತ್ತ ಉದುರುತ್ತಿರುವ ಬಣ್ಣದ ಚೂರುಗಳು. "ಅಭಿನಂದನೆಗಳು! ಇಂದು ನಿಮ್ಮ ನೋವು ಅತ್ಯಂತ ಕಡಿಮೆ" ಎಂದು ಬರೆದಿದೆ. ಅದನ್ನು ಮಧ್ಯಾಹ್ನ ಹನ್ನೆರಡು ಗಂಟೆ ದಾಟಿದ ಮೇಲೆ ತೆಗೆದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಚಿಕ್ಕಪ್ಪಂದಿರು, ಅತ್ತೆಯಂದಿರು, ಅವರ ಮಕ್ಕಳು ಎಲ್ಲರೂ ಸಾಲಾಗಿ ಕೈ ಮುಗಿದರು. ಆ ಹೊತ್ತಿನಲ್ಲಿ ನನ್ನ ಅಕ್ಕ ಪಕ್ಕದ ಕೋಣೆಯಲ್ಲಿ ಉಸಿರಾಡುವುದನ್ನು ಮರೆಯುತ್ತಿದ್ದಳು.

ಅಕ್ಕ ಈಗ ಇದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇಂಥದೇ ಕಾಯಿಲೆಯವರನ್ನು ಇಟ್ಟುಕೊಂಡು ಓದುತ್ತಿರುವವರಿಗೆ ಕೊನೆಯವರೆಗೂ ಉಸಿರು ಹಿಡಿದಿರಬೇಕಾದ ಕಷ್ಟ ಬೇಡ. ಆದರೆ ಆ ಚಿತ್ರವನ್ನು ಅಳಿಸಲು ನನ್ನಿಂದ ಆಗಿಲ್ಲ. ನೋಡಿದಾಗಲೆಲ್ಲ ಅಲ್ಲಿ ತಪ್ಪೇನಿತ್ತು ಎಂದು ಹುಡುಕುತ್ತೇನೆ. ಸಿಗುವುದಿಲ್ಲ. ಎಲ್ಲವೂ ಸರಿಯಾಗಿಯೇ ಇದೆ.

ಅಕ್ಕನ ಹೆಸರು ನಾಗರತ್ನ. ವಿದ್ಯಾರಣ್ಯಪುರಂನಲ್ಲಿ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಸುತ್ತಮುತ್ತಲ ಹೆಂಗಸರ ಬ್ಲೌಸ್‌ಗಳೆಲ್ಲ ಅವಳ ಕೈಯಲ್ಲೇ ಆಗಬೇಕು. ಎಡಗಡೆಯ ಸ್ತನಕ್ಕೆ ಆಪರೇಷನ್ ಆಗಿ, ಕೂದಲು ಉದುರಿ, ಮತ್ತೆ ಬಂದು, ಆ ಕಥೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡಿದ್ದಾಗ ಅವಳಿಗೆ ಬೆನ್ನು ನೋವು ಶುರುವಾಯಿತು. ಭಾವ, ಅಂದರೆ ಅಕ್ಕನ ಗಂಡ, "ಮಷೀನ್ ಮುಂದೆ ಕೂತು ಕೂತು ಬೆನ್ನು ಹೋಗ್ದೆ ಇನ್ನೇನಾಯ್ತದೆ?" ಎಂದರು. ಸ್ಟೂಲು ತೆಗೆದು ಬೆನ್ನಾನಿಕೆಯಿರುವ ಕುರ್ಚಿ ತಂದರು. ತುಳಿಯುವ ಕಷ್ಟ ತಪ್ಪಲೆಂದು ಮಷೀನಿಗೆ ಮೋಟರ್ ಹಾಕಿಸಿದರು. ನಾನು ಒಂದು ದಿಂಬು ಹೊಲಿದು ಕೊಟ್ಟೆ, ಅಕ್ಕ ಅದರ ಹೊಲಿಗೆಯನ್ನು ನೋಡಿ ನಕ್ಕಳು. ನಾಲ್ಕು ತಿಂಗಳು ನಾವು ಕುರ್ಚಿಗೆ ಚಿಕಿತ್ಸೆ ಮಾಡಿದೆವು. ಕೊನೆಗೆ ಸ್ಕ್ಯಾನಿನಲ್ಲಿ ಕಂಡಿದ್ದು ಬೆನ್ನುಮೂಳೆಯಲ್ಲಿ ಮೂರು ಕಡೆ ಕಪ್ಪು.

ಆ ದಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಭಾವ ರಿಪೋರ್ಟಿನ ಕವರನ್ನು ಮಡಿಲಲ್ಲಿಟ್ಟುಕೊಂಡು, ಅದರ ಅಂಚನ್ನು ಬೆರಳಿನಿಂದ ತೀಡುತ್ತಾ ಕೂತಿದ್ದರು. ಅವರು ಅಗರಬತ್ತಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುವವರು, ಕೈ ಸುಮ್ಮನಿರುವುದಿಲ್ಲ. ಅಕ್ಕ ಎದುರಿಗೆ ಕೂತಿದ್ದ ಒಬ್ಬ ಹೆಂಗಸನ್ನೇ ನೋಡುತ್ತಿದ್ದಳು. ಏನು ಯೋಚಿಸುತ್ತಿದ್ದಾಳೋ ಎಂದು ನನಗೆ ಸಂಕಟವಾಯಿತು.

"ಶೈಲ, ಆಯಮ್ಮನ ತೋಳು ನೋಡು," ಎಂದಳು ನನ್ನ ಕಿವಿಯಲ್ಲಿ. "ಎಡಗಡೆ ಅರ್ಧ ಇಂಚು ಬಿಗಿ. ಯಾರು ಕಣೆ ಹೊಲಿದಿರೋದು ಇಷ್ಟು ಕೆಟ್ಟದಾಗಿ?"

ಕ್ಯಾನ್ಸರ್ ಇನ್ನು ಪೂರ್ತಿ ಹೋಗುವಂಥದ್ದಲ್ಲ, ಹತೋಟಿಯಲ್ಲಿ ಇಡಬಹುದು ಎಂದರು ಡಾಕ್ಟರು. ನೋವನ್ನು ಮಾತ್ರ ಹಾಗೇ ಬಿಡುವುದಿಲ್ಲ ಎಂದು ನೋವು ನೋಡಿಕೊಳ್ಳುವ ವಿಭಾಗಕ್ಕೆ ಕಳಿಸಿದರು. ಅಲ್ಲಿ ಸಿಸ್ಟರ್ ಜಯಂತಿ ಸಿಕ್ಕರು. ಮಾತು ಕಡಿಮೆ, ಕೆಲಸ ಚುರುಕು. ನನ್ನ ಫೋನು ಇಸಿದುಕೊಂಡು ಆ ಆ್ಯಪ್ ಹಾಕಿಕೊಟ್ಟಿದ್ದು ಅವರೇ. ಅಕ್ಕನ ಫೋನು ಬ್ಲೌಸ್ ಡಿಸೈನುಗಳಿಂದ ತುಂಬಿಹೋಗಿತ್ತು, ಇನ್ನೇನಕ್ಕೂ ಜಾಗವಿರಲಿಲ್ಲ.

"ದಿನಕ್ಕೆ ಮೂರು ಸಲ ಇದು ಕೇಳ್ತದೆ. ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ಇದಕ್ಕಿಂತ ಜಾಸ್ತಿ ನೋವು ಇರಕ್ಕೇ ಸಾಧ್ಯ ಇಲ್ಲ ಅನ್ನೋ ಅಷ್ಟು. ಏಳರ ಮೇಲೆ ಹಾಕಿದ್ರೆ ನನ್ನ ಹತ್ರ ಕೆಂಪು ಬರ್ತದೆ, ನಾನೇ ಫೋನ್ ಮಾಡ್ತೀನಿ. ಈಗ ಎಷ್ಟಿದೆ ಹೇಳಿ ಅಮ್ಮ."

"ಆರೂ ಕಾಲು," ಎಂದಳು ಅಕ್ಕ.

"ಕಾಲು ಗೀಲು ಇಲ್ಲ ಇದರಲ್ಲಿ. ಆರು ಇಲ್ಲಾ ಏಳು."

"ಕಾಲಿಂಚು ಬಿಟ್ರೆ ಹೊಲಿಯೋಳಿಗೆ ಗೊತ್ತಾಗಲ್ಲ ಸಿಸ್ಟರ್, ಹಾಕ್ಕೊಳೋಳಿಗೆ ಗೊತ್ತಾಗ್ತದೆ."

ಸಿಸ್ಟರ್ ಮೊದಲ ಸಲ ನಕ್ಕರು. ಆರು ಎಂದೇ ಹಾಕಿದರು.

ಆಮೇಲೆ ಆರು ತಿಂಗಳು ಆ ಆ್ಯಪ್ ನಮ್ಮ ದಿನಚರಿಯಾಯಿತು. ನನ್ನ ಮನೆ ಹಿನಕಲ್‌ನಲ್ಲಿ, ಕೆಲಸ ಜಯಲಕ್ಷ್ಮಿಪುರಂನ ಒಂದು ಕಾಲೇಜಿನ ಲೈಬ್ರರಿಯಲ್ಲಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕನಿಗೆ ಫೋನ್ ಮಾಡುತ್ತಿದ್ದೆ; ಸಂಜೆ ಸ್ಕೂಟರಿನಲ್ಲಿ ಖುದ್ದಾಗಿ ಹೋಗುತ್ತಿದ್ದೆ. "ಎಷ್ಟು?" ಎನ್ನುತ್ತಿದ್ದೆ. "ನಾಲ್ಕೂವರೆ" ಎನ್ನುತ್ತಿದ್ದಳು. ಊಟ ಆಯಿತಾ, ನಿದ್ದೆ ಬಂತಾ ಎಂದೆಲ್ಲ ಕೇಳುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಲೈಬ್ರರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ಮೆಲ್ಲನೆ ಕೇಳಿದರು: "ಏನ್ ಮೇಡಂ, ಶೇರು ಗೀರು ಶುರು ಮಾಡಿದ್ದೀರಾ?"

ಆದರೆ ಅದರಿಂದ ಸಹಾಯವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲೆಲ್ಲ ಅಕ್ಕ ನೋವು ತಡೆಯಲಾರದೆ ಗೋಡೆಗೆ ಹಣೆ ಒತ್ತಿ ನಿಂತಿರುತ್ತಿದ್ದಳು, ಮುಂದಿನ ತಪಾಸಣೆಯ ದಿನ ಡಾಕ್ಟರ ಎದುರಿಗೆ ಕೂತಾಗ "ಪರವಾಗಿಲ್ಲ" ಎನ್ನುತ್ತಿದ್ದಳು. ಆ್ಯಪ್ ಬಂದ ಮೇಲೆ ಅವಳ "ಪರವಾಗಿಲ್ಲ" ನಡೆಯಲಿಲ್ಲ. ಎಂಟು ಎಂದು ಹಾಕಿದ ಅರ್ಧ ಗಂಟೆಯೊಳಗೆ ಸಿಸ್ಟರ್ ಫೋನು ಬರುತ್ತಿತ್ತು. ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದರು. ಮಾತ್ರೆ ಸಾಲದಾದಾಗ ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೊಟ್ಟರು. ಅಂಗೈಗಿಂತ ಚಿಕ್ಕದು, ತೆಳ್ಳಗೆ, ಪಾರದರ್ಶಕ. ಮೂರು ದಿನಕ್ಕೊಂದು. ಬಲಭುಜದ ಹಿಂದೆ ಅಂಟಿಸುತ್ತಿದ್ದೆ. ನೋವು ನಾಲ್ಕಕ್ಕೆ ಇಳಿಯಿತು, ಮೂರಕ್ಕೆ ಇಳಿಯಿತು. ಅಕ್ಕ ಮತ್ತೆ ದಿನಕ್ಕೊಂದು ಗಂಟೆ ಮಷೀನಿನ ಮುಂದೆ ಕೂತಳು.

ಪ್ಯಾಚ್ ಕೊಟ್ಟ ದಿನ ಸಿಸ್ಟರ್ ಹೇಳಿದ್ದರು: "ಇದರ ಮೇಲೆ ಶಾಖ ಕೊಡಬಾರದು." ಆ್ಯಪ್‌ನಲ್ಲೂ ಇತ್ತು. ಮೊದಲ ಸಲ ತೆರೆದಾಗ ಏಳೆಂಟು ಪುಟ ಸೂಚನೆಗಳು ಬಂದವು, ನಾನು "ಮುಂದೆ, ಮುಂದೆ" ಎಂದು ಒತ್ತಿದ್ದೆ. ಆದರೂ ಶಾಖದ ಮಾತನ್ನು ನಾವು ಕಟ್ಟುನಿಟ್ಟಾಗಿ ಪಾಲಿಸಿದೆವು. ಬಿಸಿನೀರಿನ ಚೀಲವನ್ನು ಅಟ್ಟಕ್ಕೆ ಹಾಕಿದೆವು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುವುದನ್ನು ಬಿಟ್ಟೆವು. ಪಕ್ಕದ ಮನೆಯವರು ಎಕ್ಕದ ಎಲೆ ಬಿಸಿ ಮಾಡಿ ತಂದಾಗ ಭಾವ ಬಾಗಿಲಲ್ಲೇ ತಡೆದು ವಾಪಸು ಕಳಿಸಿದರು. ಇಷ್ಟೆಲ್ಲ ಮಾಡಿದವರು ನಾವೇ.

ದೀಪಾವಳಿ ಬಂತು. ನಾನು ಹಿಂದಿನ ದಿನವೇ ಅಕ್ಕನ ಮನೆಗೆ ಬಂದಿದ್ದೆ. ನೀರು ತುಂಬುವ ಹಬ್ಬದ ಸಂಜೆ ಭಾವ ಹಿತ್ತಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದರು. ಅಕ್ಕ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

"ಎಷ್ಟು ದಿನ ಆಯ್ತು ಕಣೆ ಎಣ್ಣೆ ನೀರು ಹಾಕ್ಕೊಂಡು. ಮೈಗೆ ನೀರೇ ಬಿದ್ದಿಲ್ಲ ಅನ್ನಿಸ್ತದೆ."

"ದಿನಾ ಸ್ನಾನ ಮಾಡ್ತೀಯಲ್ಲ."

"ಅದು ಒರೆಸ್ಕೊಳೋದು. ಅಮ್ಮ ಹಾಕ್ತಿದ್ಲಲ್ಲ, ಅದು ನೀರು."

ನಾಲ್ಕು ದಿನಗಳಿಂದ ಅಕ್ಕನ ಅಂಕಿ ಎರಡು, ಎರಡೂವರೆ. ಅವಳಿಗೆ ಏನಾದರೂ ಬೇಕೆನ್ನಿಸಿದ್ದೇ ತಿಂಗಳುಗಟ್ಟಲೆಯ ನಂತರ. ಯಾರು ತಾನೇ ಬೇಡ ಎನ್ನುತ್ತಾರೆ?

ಮಾರನೆಯ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಬಿಸಿಲು ಬಂದ ಮೇಲೆ, ಅವಳಿಗೆ ಎಣ್ಣೆ ನೀರು ಹಾಕಿದೆವು. ಬಚ್ಚಲಲ್ಲಿ ಕೂರುವಾಗ ನೋವಾಗದಿರಲೆಂದು ಅರ್ಧ ಗಂಟೆ ಮೊದಲು ಒಂದು ಮಾತ್ರೆ ಕೊಟ್ಟೆ. ಸ್ನಾನಕ್ಕೆ ಮುಂಚೆ, ಓಡಾಟಕ್ಕೆ ಮುಂಚೆ ಒಂದು ತೆಗೆದುಕೊಳ್ಳಬಹುದು ಎಂದು ಸಿಸ್ಟರೇ ಹೇಳಿದ್ದರು. ಆ್ಯಪ್‌ನಲ್ಲಿ "ಕೊಟ್ಟಾಯಿತು" ಒತ್ತಿದೆ. ಪ್ಯಾಚ್ ಎಣ್ಣೆಗೆ ಕಿತ್ತುಬರದಿರಲಿ ಎಂದು ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪ್ ಹಾಕಿದೆ. ಆ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ, ಕಾಲಿಗೆ, ಸೊಂಟಕ್ಕೆ ತಿಕ್ಕಿದೆ. ಆಮೇಲೆ ಹಂಡೆಯ ನೀರು, ಚೊಂಬು ಚೊಂಬಾಗಿ, ಭುಜದಿಂದ ಇಳಿಯುವ ಹಾಗೆ. "ಇನ್ನೊಂಚೂರು ಬಿಸಿ ಇರ್ಲಿ," ಎಂದಳು ಅಕ್ಕ. "ಇನ್ನೊಂಚೂರು." ಸೀಗೆಪುಡಿಯ ನೊರೆ ಇಳಿದುಹೋಗುವಾಗ ಅವಳ ಮುಖ ಎಷ್ಟು ಚೆನ್ನಾಗಿತ್ತೆಂದರೆ ನಾನು ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಎಣ್ಣೆ ನೀರಾದ ಮೇಲೆ ದಪ್ಪಗೆ ಹೊದಿಸಿ ಮಲಗಿಸುವುದು ನಮ್ಮ ಮನೆಯ ಪದ್ಧತಿ. ಬೆವರು ಬಿಟ್ಟರೆ ಮೈ ಹಗುರವಾಗುತ್ತದೆ ಎಂದು ಅಮ್ಮ ಎರಡು ಕಂಬಳಿ ಹೊದಿಸುತ್ತಿದ್ದಳು. ನಾನೂ ಎರಡು ಹೊದಿಸಿದೆ. ಕಿಟಕಿ ಹಾಕಿದೆ.

ಅದು ಶಾಖ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಶಾಖ ಎಂದರೆ ನೋವಿದ್ದ ಕಡೆ ಕೊಡುವುದು. ಬಿಸಿನೀರಿನ ಚೀಲ, ಉಪ್ಪಿನ ಗಂಟು, ಎಲೆ. ಸ್ನಾನ ಎಂದರೆ ಸ್ನಾನ, ಹಬ್ಬ ಎಂದರೆ ಹಬ್ಬ. ಡಿಗ್ರಿ ಓದಿದವಳು ನಾನು, ಪುಸ್ತಕಗಳ ನಡುವೆ ಕೆಲಸ ಮಾಡುವವಳು. ಬೆಚ್ಚಗಾದ ಚರ್ಮ ಪ್ಯಾಚಿನಿಂದ ಔಷಧಿಯನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ, ಅದು ಮಿತಿಮೀರಿದರೆ ಉಸಿರು ನಿಧಾನವಾಗುತ್ತದೆ ಎಂದು ಆಮೇಲೆ ಡಾಕ್ಟರು ಒಂದೇ ವಾಕ್ಯದಲ್ಲಿ ಹೇಳಿದಾಗ, ಅದು ಮೊದಲಿಂದಲೂ ಗೊತ್ತಿದ್ದ ವಿಷಯ ಎನ್ನಿಸಿತು. ಗೊತ್ತಿದ್ದರೆ ಎರಡನೇ ಕಂಬಳಿ ಹುಡುಕಿಕೊಂಡು ಬೀರು ತೆಗೆದವಳು ಯಾರು?

ಹನ್ನೆರಡಕ್ಕೆ ಫೋನು ಕೇಳಿತು. ಕೋಣೆಗೆ ಹೋಗಿ ಬಗ್ಗಿ, "ಅಕ್ಕ, ಎಷ್ಟು?" ಎಂದೆ. ಅವಳು ಕಣ್ಣು ಬಿಡಲಿಲ್ಲ. ತುಟಿ ಅಲ್ಲಾಡಿತು.

"ಸೊನ್ನೆ."

ಕಾಲು ಇಲ್ಲ, ಅರ್ಧ ಇಲ್ಲ, ಬರೀ ಸೊನ್ನೆ. ಆರು ತಿಂಗಳಲ್ಲಿ ಅದೇ ಮೊದಲು. ಒತ್ತಿದೆ. ಬಣ್ಣದ ಚೂರುಗಳು ಉದುರಿದವು. ಅಡುಗೆಮನೆಗೆ ಹೋಗಿ ಭಾವನಿಗೆ ತೋರಿಸಿದೆ. ಅವರು ಎಣ್ಣೆಯಲ್ಲಿದ್ದ ಕಜ್ಜಾಯವನ್ನು ಬಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಗುಂಪಿಗೆ ಹಾಕಿದೆ. ಬರುತ್ತಿದ್ದ ಉತ್ತರಗಳಿಗೆಲ್ಲ ಉತ್ತರ ಕೊಡುತ್ತಾ ಕೂತೆ. ಇಪ್ಪತ್ತು ನಿಮಿಷ ಕೂತಿರಬೇಕು. ನಾನು ಈಗಲೂ ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಇಪ್ಪತ್ತು ನಿಮಿಷಗಳಲ್ಲಿ. ಎಂಟು ಎಂದು ಹಾಕಿದ್ದರೆ ಸಿಸ್ಟರ್ ಫೋನ್ ಮಾಡುತ್ತಿದ್ದರು. ಸೊನ್ನೆ ಹಾಕಿದವರಿಗೆ ಯಾರು ಫೋನ್ ಮಾಡುತ್ತಾರೆ? ಅವರ ಪಟ್ಟಿಯಲ್ಲಿ ಆ ದಿನ ಎಲ್ಲಕ್ಕಿಂತ ಹಸಿರಾಗಿದ್ದದ್ದು ನಮ್ಮ ಅಕ್ಕನ ಹೆಸರೇ.

ಭಾವ ತಟ್ಟೆಯಲ್ಲಿ ಎರಡು ಕಜ್ಜಾಯ ಇಟ್ಟುಕೊಂಡು ಕೋಣೆಗೆ ಹೋದವರು ಅಲ್ಲಿಂದಲೇ ಕರೆದರು.

"ಶೈಲ, ಬಾ ಇಲ್ಲಿ. ಇವ್ಳು ಗೊರಕೆ ಹೊಡೀತಾವ್ಳೆ."

"ಹೊಡೀಲಿ ಬಿಡಿ ಭಾವ. ಎಷ್ಟು ದಿನ ಆಗಿತ್ತು ಹಿಂಗೆ ಮಲಗಿ."

"ಇಪ್ಪತ್ತೇಳು ವರ್ಷದಲ್ಲಿ ಒಂದಿನಾನೂ ಗೊರಕೆ ಹೊಡ್ದಿಲ್ಲ ಕಣಮ್ಮ ಅವ್ಳು. ನಾನ್ ಹೊಡೀತೀನಿ, ಅವ್ಳು ಬಯ್ತಾಳೆ. ಬಾ ಬೇಗ."

ಅದು ಗೊರಕೆಯೂ ಅಲ್ಲ. ಗಂಟಲಲ್ಲಿ ನೀರು ಕಟ್ಟಿದಂಥ ಸದ್ದು, ಆಮೇಲೆ ಏನೂ ಇಲ್ಲ, ಬಹಳ ಹೊತ್ತಿನ ಮೇಲೆ ಮತ್ತೆ ಆ ಸದ್ದು. ಮುಖ ಬೆವರಿತ್ತು. ಅದನ್ನು ನೋಡಿ ಒಂದು ಕ್ಷಣ ನನಗೆ ಸಮಾಧಾನವೇ ಆಯಿತು. ಬೆವರು ಬಿಟ್ಟಿದೆಯಲ್ಲ ಎಂದು. ಭಾವ ಭುಜ ಅಲ್ಲಾಡಿಸಿ "ರತ್ನ, ಏಯ್ ರತ್ನ" ಎಂದರು. ಅವಳು ಏಳಲಿಲ್ಲ. ನಾನು ಸಿಸ್ಟರ್‌ಗೆ ಫೋನ್ ಮಾಡಿದೆ.

"ಸೊನ್ನೆ ಅಂತ ಹಾಕಿದ್ರಲ್ಲ?" ಎಂದರು ಸಿಸ್ಟರ್. ಬೇಸರದಿಂದಲ್ಲ, ಅವರಿಗೂ ಅರ್ಥವಾಗದೆ. ಆಮೇಲೆ ಅವರ ದನಿ ಬದಲಾಯಿತು. "ಗಡಿಯಾರ ನೋಡ್ಕೊಂಡು ಒಂದು ನಿಮಿಷ ಉಸಿರು ಎಣಿಸಿ. ಎದೆ ಏಳೋದನ್ನ ನೋಡಿ ಎಣಿಸಿ. ಫೋನ್ ಇಡಬೇಡಿ."

ಎಣಿಸಿದೆ. ಏಳು ಬಂತು. ಏಳು ಎಂದರೆ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಾಗಲಿಲ್ಲ. ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ಆರು ತಿಂಗಳಿಂದ ಕಲಿತಿದ್ದೆ. "ಏಳು ಸಿಸ್ಟರ್," ಎಂದೆ, ಪರೀಕ್ಷೆಯ ಫಲಿತಾಂಶ ಕೇಳುವವಳ ಹಾಗೆ.

"ಪ್ಯಾಚ್ ಕೀಳಿ. ಈಗಲೇ. ಹೊದ್ದಿರೋದೆಲ್ಲ ತೆಗೀರಿ, ಕಿಟಕಿ ತೆಗೀರಿ. ಪ್ಯಾಚ್ ಇದ್ದ ಜಾಗನ ತಣ್ಣೀರಲ್ಲಿ ಒರೆಸಿ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಜೋರಾಗಿ ಕೂಗ್ತಾ ಇರಿ, ಉಸಿರು ತಗೋ ಅಂತ ಹೇಳ್ತಾ ಇರಿ. ಕರ್ಕೊಂಡು ಬನ್ನಿ, ನಾನು ಬಾಗಿಲಲ್ಲಿ ನಿಂತಿರ್ತೀನಿ."

ನಾನು ಅಷ್ಟು ಜಾಣತನದಿಂದ ಹಾಕಿದ್ದ ಟೇಪು ಬೇಗ ಬರಲಿಲ್ಲ. ಉಗುರಿನಿಂದ ಕಿತ್ತೆ. ಚರ್ಮವೂ ಸ್ವಲ್ಪ ಬಂತು. ಎದುರುಮನೆಯವರು ಹಬ್ಬದ ಊಟಕ್ಕೆ ಕೂತಿದ್ದವರು ಎಲೆ ಬಿಟ್ಟು ಎದ್ದು ಕಾರು ತೆಗೆದರು. ದಾರಿಯುದ್ದಕ್ಕೂ ಪಟಾಕಿ. ಒಂದೊಂದು ಸದ್ದಿಗೂ ಅಕ್ಕ ಬೆಚ್ಚಿ ಒಂದು ಉಸಿರು ಎಳೆಯುತ್ತಿದ್ದಳು. ಭಾವ ಕಿಟಕಿ ಇಳಿಸಿ, "ಹೊಡೀರ್ರೋ, ಇನ್ನೂ ಹೊಡೀರ್ರೋ," ಎಂದು ಬೀದಿಯ ಮಕ್ಕಳಿಗೆ ಕೂಗುತ್ತಿದ್ದರು. ಮಕ್ಕಳು ಖುಷಿಯಿಂದ ಕೈ ಬೀಸಿದವು.

ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಎರಡು ನಿಮಿಷವೂ ಆಗಿರಲಿಲ್ಲ, ಅಕ್ಕ ಕಣ್ಣು ಬಿಟ್ಟಳು. ಬಿಟ್ಟವಳೇ ಕಿರುಚಿದಳು. ಆ ಇಂಜೆಕ್ಷನ್ ಔಷಧಿಯ ಕೆಲಸವನ್ನೆಲ್ಲ ಒಟ್ಟಿಗೆ ಕಿತ್ತುಹಾಕುತ್ತದಂತೆ. ಉಸಿರನ್ನು ತಡೆದಿದ್ದನ್ನೂ ಕೀಳುತ್ತದೆ, ನೋವನ್ನು ತಡೆದಿದ್ದನ್ನೂ ಕೀಳುತ್ತದೆ. ಆರು ತಿಂಗಳು ಅಂಕಿ ಅಂಕಿಯಾಗಿ ಇಳಿಸಿದ್ದ ನೋವು ಒಂದೇ ಏಟಿಗೆ ಅವಳ ಮೈಗೆ ಬಂತು.

"ಎಷ್ಟು ಅಮ್ಮ?" ಎಂದರು ಸಿಸ್ಟರ್.

"ಹತ್ತು! ಹತ್ತು ಕಣ್ರೀ, ಹತ್ತು!"

ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ. ಅಕ್ಕ ನೋವಿನಿಂದ ಒದ್ದಾಡುತ್ತಿದ್ದಳು, ನನಗೆ ಸಂತೋಷವಾಗುತ್ತಿತ್ತು. ಕೂಗು ಅಕ್ಕ, ಇನ್ನೂ ಕೂಗು ಎಂದುಕೊಂಡೆ. ಇದನ್ನು ನಾನು ಅವಳಿಗೆ ಇವತ್ತಿಗೂ ಹೇಳಿಲ್ಲ. ಒಡಹುಟ್ಟಿದವಳ ನೋವನ್ನು ನೋಡಿ ಹಿಗ್ಗಿದ ಆ ಕ್ಷಣ ಎಂಥದ್ದು, ಅದಕ್ಕೆ ಏನು ಹೆಸರು, ನನಗೆ ತಿಳಿಯದು.

ಎರಡು ದಿನ ಅಲ್ಲಿಟ್ಟುಕೊಂಡರು. ನೋವಿನ ವಿಭಾಗದ ಡಾಕ್ಟರಮ್ಮನನ್ನು ನಾನು ನಾಲ್ಕೈದು ಸಲ ಕೇಳಿದೆ. ನೀರಾ, ಕಂಬಳಿಯಾ, ಮಾತ್ರೆಯಾ, ನಾನು ಹಾಕಿದ ಪ್ಲಾಸ್ಟಿಕ್ಕಾ? ಯಾವುದು? "ಎಲ್ಲಾ ಸೇರಿರಬಹುದು," ಎಂದರು. "ಒಂದೇ ಅಂತ ಹೇಳಕ್ಕಾಗಲ್ಲ. ನೀವು ಬೇಗ ಕರ್ಕೊಂಡು ಬಂದ್ರಿ, ಅದನ್ನ ನೆನಪಿಟ್ಕೊಳ್ಳಿ." ನಾನು ಅದನ್ನು ನೆನಪಿಟ್ಟುಕೊಳ್ಳಲು ಪ್ರಯತ್ನಿಸಿದೆ. ನೆನಪಿಗೆ ಬರುತ್ತಿದ್ದದ್ದು ಗುಂಪಿನಲ್ಲಿ ಕೈ ಮುಗಿದವರಿಗೆ ನಾನು ತಿರುಗಿ ಕಳಿಸಿದ ಹೂವುಗಳು.

ಮನೆಗೆ ಬಂದಮೇಲೆ ಪ್ಯಾಚ್ ಮತ್ತೆ ಶುರುವಾಯಿತು. ಬೇಡ ಎಂದವಳು ನಾನು. ಅಕ್ಕ ಕೇಳಲಿಲ್ಲ. "ನೋವು ನಿಂಗಲ್ಲ ಕಣೆ ಇರೋದು," ಎಂದಳು. ನಾನೇ ಅಂಟಿಸಿದೆ. ಎರಡು ವಾರದಲ್ಲಿ ನೋವು ಮತ್ತೆ ಹತೋಟಿಗೆ ಬಂತು. ಒಂದು ಬೆಳಿಗ್ಗೆ ಫೋನಿನಲ್ಲಿ "ಎಷ್ಟು?" ಎಂದಾಗ "ಎರಡು" ಎಂದಳು. ನನ್ನ ಬೆರಳು ಎರಡರ ಮೇಲೆ ಹೋಗಲಿಲ್ಲ. ಎರಡು ಎಂದರೆ ಹಸಿರು. ಹಸಿರು ಎಂದರೆ ಆ ಕಡೆ ಯಾರೂ ನೋಡುವುದಿಲ್ಲ. ನಾಲ್ಕು ಎಂದು ಹಾಕಿದೆ. ಹಳದಿ ಬಂತು. ಉಸಿರು ಬಿಟ್ಟೆ.

ಆಮೇಲೆ ದಿನವೂ ಹಾಗೇ ಆಯಿತು. ಅವಳು ಹೇಳಿದ್ದಕ್ಕೆ ಎರಡು ಸೇರಿಸುತ್ತಿದ್ದೆ. ಕೆಲವು ದಿನ ಮೂರು. ಅವಳು ಐದು ಎಂದ ದಿನ ಎಂಟು ಹಾಕಿದೆ. ಸಿಸ್ಟರ್ ಫೋನ್ ಮಾಡಿದರು. ಅವರ ದನಿ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಕಾವಲು ಕೂತಿದ್ದೇನೆ ಎಂದು ಅನ್ನಿಸುತ್ತಿತ್ತು. ಸುಳ್ಳು ಅಂಕಿಗೂ ಔಷಧಿ ಬರೆಯುತ್ತಾರೆ ಎಂಬುದು ಮನಸ್ಸಿಗೆ ಬರಲೇ ಇಲ್ಲ.

ತಿಂಗಳ ತಪಾಸಣೆಗೆ ಅಕ್ಕನೂ ನಾನೂ ಹೋದೆವು. ಕಾಯುವ ಕೋಣೆಯಲ್ಲಿ ಅಕ್ಕ ಪಕ್ಕದವರ ಸೆರಗಿನ ಜರಿ ಹಿಡಿದು ನೋಡುತ್ತಾ, ನಗುನಗುತ್ತಾ ಇದ್ದಳು. ಒಳಗೆ ಹೋದಾಗ ಡಾಕ್ಟರಮ್ಮ ತಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಗೆರೆ ಮೇಲಕ್ಕೆ ಹತ್ತಿತ್ತು.

"ನೋವು ಏರ್ತಾ ಇದೆ. ಇದಕ್ಕಿಂತ ದೊಡ್ಡ ಪ್ಯಾಚ್ ಬರೀತಾ ಇದ್ದೀನಿ," ಎಂದರು. ಚೀಟಿ ಆಗಲೇ ಅರ್ಧ ಬರೆದಾಗಿತ್ತು.

ಅಕ್ಕ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿ ಆ ಗೆರೆಯನ್ನು ನೋಡಿದಳು. ಬಟ್ಟೆಯನ್ನು ನೋಡುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ.

"ಇದು ನನ್ನ ಅಳತೆ ಅಲ್ಲ ಡಾಕ್ಟ್ರೇ."

"ಅಂದ್ರೆ?"

"ನಾನು ಇಷ್ಟು ಹೇಳೇ ಇಲ್ಲ. ಮೂರು ಅಂದಿದ್ದೀನಿ, ಎರಡೂವರೆ ಅಂದಿದ್ದೀನಿ. ಹೋದ ಸೋಮವಾರ ಒಂದೂ ಮುಕ್ಕಾಲು. ಇದ್ಯಾರದೋ ಬೇರೆಯವರದ್ದು."

ಯಾರೂ ನನ್ನ ಕಡೆ ತಕ್ಷಣ ನೋಡಲಿಲ್ಲ. ಅದೇ ಕಷ್ಟವಾಯಿತು. ಡಾಕ್ಟರಮ್ಮನ ಪೆನ್ನು ಚೀಟಿಯ ಮೇಲೆ ನಿಂತಿತ್ತು. ಅವರು ಬರೆದು ಮುಗಿಸಿದ್ದರೆ, ಅಕ್ಕನಿಗೆ ಗೆರೆ ಓದಲು ಬಾರದಿದ್ದಿದ್ದರೆ, ಆ ದೊಡ್ಡ ಪ್ಯಾಚನ್ನು ಅದೇ ಸಂಜೆ ನನ್ನ ಕೈಯಾರೆ ಅವಳ ಭುಜಕ್ಕೆ ಅಂಟಿಸುತ್ತಿದ್ದೆ. ಈ ಸಲ ಹಂಡೆಯೂ ಬೇಕಿರಲಿಲ್ಲ, ಕಂಬಳಿಯೂ ಬೇಕಿರಲಿಲ್ಲ.

"ನಾನು ಸೇರಿಸಿ ಹಾಕ್ತಿದ್ದೆ," ಎಂದೆ. "ಎರಡು. ಕೆಲವು ಸಲ ಮೂರು."

ಡಾಕ್ಟರಮ್ಮ ಬೈಯಲಿಲ್ಲ. ಚೀಟಿ ಹರಿದು ಬುಟ್ಟಿಗೆ ಹಾಕಿ, ಹಳೆಯ ಪ್ಯಾಚನ್ನೇ ಬರೆದುಕೊಟ್ಟರು. "ಅವರ ನೋವನ್ನ ಅವರೇ ಹಾಕ್ಲಿ ಇನ್ಮೇಲೆ," ಎಂದಷ್ಟೇ ಹೇಳಿದರು.

ಆಟೋ ಅಗ್ರಹಾರ ದಾಟಿದ ಮೇಲೆ ಅಕ್ಕ ಕೇಳಿದಳು.

"ಯಾಕೆ ಹಾಕ್ದೆ?"

"ಕಮ್ಮಿ ಹಾಕಿದ್ರೆ ಯಾರೂ ಫೋನ್ ಮಾಡಲ್ಲ ಅಕ್ಕ."

"ಮಾಡ್ದೆ ಇದ್ರೆ?"

"ಹಬ್ಬದ ದಿನ ನಾನು ಪಕ್ಕದ ಕೋಣೇಲೇ ಇದ್ದೆ. ಮೊಬೈಲ್ ನೋಡ್ಕೊಂಡು ಕೂತಿದ್ದೆ. ನಂಗೆ ಗೊತ್ತಾಗ್ಲಿಲ್ಲ."

ಅವಳು ಹೊರಗೆ ನೋಡಿದಳು. "ನಂಗೂ ಗೊತ್ತಾಗ್ಲಿಲ್ಲ," ಎಂದಳು. "ನಾನು ಹಾಯಾಗಿದ್ದೆ ಕಣೆ. ಅಷ್ಟು ಹಾಯಾಗಿ ಯಾವತ್ತೂ ಇರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೇ ನಂಗೆ ಭಯ ಆಗೋದು." ಆಮೇಲೆ ಅಂಗೈ ಚಾಚಿದಳು. "ಕೊಡು ಫೋನು."

ಮನೆಗೆ ಬಂದು ನನ್ನದನ್ನು ವಾಪಸು ಕೊಟ್ಟು, ತನ್ನ ಫೋನಿನಲ್ಲಿದ್ದ ನೂರಾರು ಡಿಸೈನುಗಳನ್ನು ಅಳಿಸಿ ಜಾಗ ಮಾಡಿದಳು. ನನ್ನಿಂದ ಆ್ಯಪ್ ಹಾಕಿಸಿಕೊಂಡಳು. ಆ ಏಳೆಂಟು ಪುಟ ಸೂಚನೆಗಳನ್ನು ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ಭಾವ ಕಾರ್ಖಾನೆಯಿಂದ ಬಂದು, ಅಗರಬತ್ತಿಯ ವಾಸನೆ ಅವಳಿಗೆ ಆಗುವುದಿಲ್ಲವೆಂದು ಎಂದಿನಂತೆ ಹೊರಗೇ ಅಂಗಿ ಬದಲಾಯಿಸಿ, ಬಾಗಿಲಲ್ಲಿ ಕೂತು ಕೇಳಿಸಿಕೊಂಡರು. ನಾನು ಯಾವತ್ತೂ ತೆರೆಯದ ಒಂದು ಜಾಗ ಆ ಆ್ಯಪ್‌ನಲ್ಲಿತ್ತು: "ಬೇರೆ ಏನಾದರೂ ಹೇಳಬೇಕೆ?" ಎಂಬ ಖಾಲಿ ಚೌಕ. ಅಕ್ಕ ಅದರಲ್ಲಿ ಒಂದೇ ಬೆರಳಿನಿಂದ ಬಹಳ ಹೊತ್ತು ಏನೋ ಬರೆದಳು. ನಾನು ಬಗ್ಗಿ ನೋಡಲು ಹೋದರೆ ಫೋನು ತಿರುಗಿಸಿಕೊಂಡಳು. ಕಳಿಸಿದ ಮೇಲೆ ತೋರಿಸಿದಳು.

"ನೋವು ಎರಡೂವರೆ. ನಿದ್ದೆ ಚೆನ್ನಾಗಿ ಬಂತು. ನನ್ನ ತಂಗಿಗೆ ಹಬ್ಬದ ದಿನದಿಂದ ಭಯ ಹಿಡಿದಿದೆ. ಊಟ ಸರಿಯಾಗಿ ಮಾಡುತ್ತಿಲ್ಲ. ಅವಳಿಗೆ ಏನು ಕೊಡುತ್ತೀರಿ?"

ಮರುದಿನ ಬೆಳಿಗ್ಗೆ ನಾನು ಅಲ್ಲಿಯೇ ಇದ್ದೆ. ಅಕ್ಕ ಮಷೀನಿನ ಮುಂದೆ ಕೂತು ಯಾರದೋ ಬ್ಲೌಸಿನ ತೋಳು ಹೊಲಿಯುತ್ತಿದ್ದಳು. ಅವಳ ಫೋನು ರಿಂಗಾಯಿತು. ಸಿಸ್ಟರ್ ಜಯಂತಿ. ಎತ್ತಿ, ಸ್ಪೀಕರಿಗೆ ಹಾಕಿ, "ಅಕ್ಕನಿಗೆ ಕೊಡ್ತೀನಿ" ಎಂದು ಅವಳ ಕಡೆ ಚಾಚಿದೆ.

"ಕೊಡಬೇಡಿ, ನಿಮಗೇ ಮಾಡಿದ್ದು," ಎಂದರು ಸಿಸ್ಟರ್. "ಶೈಲಾ ಅವರೇ, ಹೇಳಿ. ನಿಮಗೆ ಎಷ್ಟಿದೆ?"

ಎಷ್ಟು ಎಂದು ಏಳು ತಿಂಗಳು ದಿನಕ್ಕೆ ಮೂರು ಸಲ ಕೇಳಿದವಳು ನಾನು. ಆ ಪ್ರಶ್ನೆ ಕೇಳಿಸಿಕೊಂಡವರಿಗೆ ಹೇಗಾಗುತ್ತದೆ ಎಂದು ಗೊತ್ತಿರಲಿಲ್ಲ. ಯಾವುದನ್ನು ಅಳೆಯಬೇಕು, ಎಲ್ಲಿಂದ ಎಣಿಸಬೇಕು ಒಂದೂ ತೋಚಲಿಲ್ಲ. "ಪರವಾಗಿಲ್ಲ ಸಿಸ್ಟರ್," ಎಂದೆ.

ಮಷೀನಿನ ಕಡೆಯಿಂದ, ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ಅಕ್ಕ ಕೂಗಿದಳು.

"ಒಂಬತ್ತು ಅಂತ ಹಾಕ್ಕೊಳ್ಳಿ ಸಿಸ್ಟರ್. ಅವಳು ಕಮ್ಮಿ ಹೇಳ್ತಾಳೆ."

ಅದು ಒಂಬತ್ತೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲ ಎನ್ನಲು ಬಾಯಿ ತೆರೆದೆ, ಅಳು ಬಂತು. ಅಕ್ಕ ಮೋಟರ್ ನಿಲ್ಲಿಸಿದಳು.